ಮೈದಾನಕ್ಕೆ ಕರೆಯುವ ಮೆಸೇಜು



ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ಒಂದು ಮಾತು ದಿನಕ್ಕೊಮ್ಮೆಯಾದರೂ ಕೇಳಿಸುತ್ತದೆ. ‘ಆ ಮೊಬೈಲ್ ಕೆಳಗಿಟ್ಟು ಸ್ವಲ್ಪ ಹೊರಗೆ ಹೋಗೋ.’ ಮಗ ಹೂಂ ಎನ್ನುತ್ತಾನೆ. ಹೂಂ ಎಂದು ಮಗ್ಗುಲು ಬದಲಿಸುತ್ತಾನೆ. ಮೊಬೈಲು ಕೆಳಗಿಳಿಯುವುದಿಲ್ಲ.

ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರು ಇದನ್ನು ತಿರುಗುಮುರುಗು ಮಾಡಿ ನೋಡಿದರು. ಮೊಬೈಲನ್ನು ಕೆಳಗಿಡಿಸುವ ಜಗಳವೇ ಬೇಡ. ಹೊರಗೆ ಹೋಗು ಎಂಬ ಮಾತನ್ನು ಅದೇ ಮೊಬೈಲಿನ ಬಾಯಲ್ಲಿ ಹೇಳಿಸಿದರೆ? ರೀಮಾ ಸಿರಿಯೆ, ರೆಬೆಕ್ಕಾ ಲಾಟನ್ ಮತ್ತು ಜೇನ್ ವಾರ್ಡ್ ಎಂಬ ಮೂವರು ಇದನ್ನು ಪ್ರಯೋಗಕ್ಕೆ ಇಳಿಸಿದರು. ಫಲಿತಾಂಶ ಪ್ರಕಟವಾದದ್ದು 2010ರಲ್ಲಿ. ಆಗಿನ್ನೂ ಮೆಸೇಜು ಎಂದರೆ ಎಸ್ಸೆಮ್ಮೆಸ್ಸೇ.

ಪಶ್ಚಿಮ ಯಾರ್ಕ್‌ಷೈರಿನ ಸುಮಾರು 120 ವಿದ್ಯಾರ್ಥಿಗಳು ಇದರಲ್ಲಿ ಸೇರಿದ್ದರು. ವಯಸ್ಸು 16ರಿಂದ 19. ನಮ್ಮ ಪಿಯುಸಿ ಮಕ್ಕಳ ಓರಗೆಯವರು ಎನ್ನಬಹುದು. ಅವರನ್ನು ನಾಲ್ಕು ಗುಂಪು ಮಾಡಿದರು. ಮೂರು ಗುಂಪಿಗೆ ದಿನಕ್ಕೊಂದು ಮೆಸೇಜು, ಎರಡು ವಾರ. ಆದರೆ ಮೂರಕ್ಕೂ ಒಂದೇ ಮೆಸೇಜಲ್ಲ.

ಒಂದು ಗುಂಪಿಗೆ ಹೋದದ್ದು ಖುಷಿಯ ಮಾತು. ಮೈ ಬಳಸಿದರೆ ಮನಸ್ಸು ಹಗುರಾಗುತ್ತದೆ, ಉಲ್ಲಾಸ ಬರುತ್ತದೆ ಎಂಬ ಧಾಟಿಯದ್ದು. ಇನ್ನೊಂದಕ್ಕೆ ಲಾಭದ ಮಾತು. ಮೈ ಬಳಸಿದರೆ ಹೃದಯಕ್ಕೆ ಒಳ್ಳೆಯದು, ಆರೋಗ್ಯಕ್ಕೆ ಒಳ್ಳೆಯದು. ಮೂರನೆಯ ಗುಂಪಿಗೆ ಎರಡನ್ನೂ ಬೆರೆಸಿ ಕಳಿಸಿದರು. ನಾಲ್ಕನೆಯದು ಹೋಲಿಕೆಗೆಂದು ಇಟ್ಟುಕೊಂಡ ಗುಂಪು. ಅವರಿಗೆ ಈ ದಿನನಿತ್ಯದ ಮೆಸೇಜು ಇರಲಿಲ್ಲ.

ಎರಡು ವಾರ ಕಳೆಯಿತು. ಲೆಕ್ಕ ಹಾಕಿದಾಗ ಎಲ್ಲ ಗುಂಪುಗಳಲ್ಲೂ ಓಡಾಟ ಸ್ವಲ್ಪ ಹೆಚ್ಚಿತ್ತು. ವಾರಕ್ಕೆ ಸುಮಾರು ಅರ್ಧ ಗಂಟೆ. ಹೋಲಿಕೆಯ ಗುಂಪಿನವರೂ ಹಿಂದೆ ಬಿದ್ದಿರಲಿಲ್ಲ. ನಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂದರೆ ಯಾರಾದರೂ ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಅದರಲ್ಲಿ ಆಶ್ಚರ್ಯವಿಲ್ಲ.

ಆಶ್ಚರ್ಯ ಇದ್ದದ್ದು ಬೇರೆ ಕಡೆ. ಮೊದಲಿನಿಂದಲೂ ಜಡವಾಗಿದ್ದ ಮಕ್ಕಳಿದ್ದರಲ್ಲ, ಆಟವೂ ಇಲ್ಲ ನಡಿಗೆಯೂ ಇಲ್ಲ ಎನ್ನುವವರು, ಅವರಲ್ಲಿ ಖುಷಿಯ ಮೆಸೇಜು ಪಡೆದವರು ಎಲ್ಲರನ್ನೂ ಹಿಂದೆ ಹಾಕಿದರು. ವಾರಕ್ಕೆ ಸುಮಾರು ಎರಡು ಗಂಟೆಯಷ್ಟು ಹೆಚ್ಚು ಮೈ ಬಳಸಿದರು. ಹೃದಯಕ್ಕೆ ಒಳ್ಳೆಯದು ಎಂಬ ಮೆಸೇಜಿಗೆ ಈ ಬಲ ಇರಲಿಲ್ಲ. ಹದಿನಾರರ ಹುಡುಗನಿಗೆ ತನಗೊಂದು ಹೃದಯ ಇದೆ ಎಂದು ನೆನಪಾಗುವುದೇ ಬೇರೆ ಕಾರಣಕ್ಕೆ.

ಹಾಗೆಂದು ಇದನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಾಗಿಲ್ಲ. ಪ್ರಯೋಗ ನಡೆದದ್ದು ಎರಡೇ ವಾರ. ಮಕ್ಕಳು ಎಷ್ಟು ಓಡಾಡಿದರು ಎಂಬುದಕ್ಕೆ ಮಕ್ಕಳೇ ತುಂಬಿಕೊಟ್ಟ ಪ್ರಶ್ನಾವಳಿಯೇ ಸಾಕ್ಷಿ. ಯಂತ್ರ ಕಟ್ಟಿ ಅಳೆದದ್ದಲ್ಲ. ಆದರೂ ಅದು ಕೊಟ್ಟ ಸುಳಿವು ಗಮನಿಸುವಂಥದ್ದು.

ಇಲ್ಲಿಯವರೆಗೆ ಕೇಳಿದ್ದಿಷ್ಟು. ಜಡವಾಗಿ ಕೂತ ಮಕ್ಕಳನ್ನು ಎಬ್ಬಿಸಿದ್ದು ಆರೋಗ್ಯದ ಲಾಭವಲ್ಲ, ಇವತ್ತಿನ ಖುಷಿ. ಹಾಗಾದರೆ ಜಡವಾಗಿ ಕೂತವರು ಎಷ್ಟು ಜನ?

ಬಹಳ ಜನ. ಹದಿಹರೆಯದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈ ಬಳಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಸಿರು ಸ್ವಲ್ಪ ಏರಬೇಕು, ಬೆವರೊಡೆಯಬೇಕು. ಅದೇ ಸಂಸ್ಥೆಯ ಸಂಶೋಧಕರು 146 ದೇಶಗಳ ಸುಮಾರು 16 ಲಕ್ಷ ವಿದ್ಯಾರ್ಥಿಗಳ ಮಾಹಿತಿ ಕಲೆಹಾಕಿ 2019ರಲ್ಲಿ ಪ್ರಕಟಿಸಿದರು. 11ರಿಂದ 17ರ ವಯಸ್ಸಿನ ಹತ್ತು ಮಕ್ಕಳಲ್ಲಿ ಎಂಟು ಮಂದಿಗೆ ಆ 60 ನಿಮಿಷ ದಕ್ಕುತ್ತಿರಲಿಲ್ಲ. ಹೆಣ್ಣುಮಕ್ಕಳ ಸ್ಥಿತಿ ಗಂಡುಮಕ್ಕಳಿಗಿಂತ ಕೆಳಗೆ. ದಕ್ಷಿಣ ಕೊರಿಯಾದಲ್ಲಿ ನೂರಕ್ಕೆ 94 ಮಂದಿ ಹಿಂದೆ ಬಿದ್ದಿದ್ದರು. ಭಾರತದಲ್ಲಿ ನಾಲ್ವರಲ್ಲಿ ಮೂವರು. ಜಗತ್ತಿನ ಸಾಲಿನಲ್ಲಿ ನಾವು ಸ್ವಲ್ಪ ವಾಸಿ ಎಂದು ಸಮಾಧಾನಪಟ್ಟುಕೊಳ್ಳುವವರು ಪಟ್ಟುಕೊಳ್ಳಲಿ. ಆದರೆ ಅದೇ ಸಂಶೋಧಕರು ಇದಕ್ಕೆ ಹುಡುಕಿದ ಕಾರಣಗಳಲ್ಲಿ ಒಂದು, ಹುಡುಗರಿಗೆ ಕ್ರಿಕೆಟ್. ಇನ್ನೊಂದು, ಹುಡುಗಿಯರಿಗೆ ಮನೆಗೆಲಸ. ಕಸ ಗುಡಿಸಿ ನೀರು ಹೊತ್ತದ್ದೂ ಲೆಕ್ಕಕ್ಕೆ ಸೇರಿರಬಹುದು ಎಂದ ಮೇಲೆ ಹೆಮ್ಮೆ ಸ್ವಲ್ಪ ಇಳಿಯುತ್ತದೆ.

ಈಗ ಒಂದು ಸೋತ ಪ್ರಯೋಗದ ಕತೆ. ಗೆದ್ದದ್ದಕ್ಕಿಂತ ಇದರಿಂದ ಕಲಿಯುವುದು ಹೆಚ್ಚಿದೆ.

ನ್ಯೂಜಿಲೆಂಡ್. ಟೈಪ್ ಒನ್ ಮಧುಮೇಹ ಇರುವ, ಅಂದರೆ ಚಿಕ್ಕಂದಿನಿಂದಲೇ ಇನ್ಸುಲಿನ್ ಬೇಕಾಗುವ, 11ರಿಂದ 18 ವಯಸ್ಸಿನ ಸುಮಾರು 80 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಕೊಟ್ಟರು. ಸೊಂಟಕ್ಕೆ ಸಿಕ್ಕಿಸಿಕೊಂಡರೆ ದಿನಕ್ಕೆ ಎಷ್ಟು ಹೆಜ್ಜೆ ಹಾಕಿದಿರಿ ಎಂದು ತೋರಿಸುತ್ತದೆ. ಗುರಿ ದಿನಕ್ಕೆ 10 ಸಾವಿರ ಹೆಜ್ಜೆ. ಜೊತೆಗೆ ವಾರಕ್ಕೊಂದು ಮೆಸೇಜು. ಯಂತ್ರ ಹಾಕಿಕೊಳ್ಳಿ, ಚಟುವಟಿಕೆಯಿಂದಿರಿ ಎಂದು ನೆನಪಿಸುವುದು. ಹನ್ನೆರಡು ವಾರ ನಡೆಯಿತು. 2009ರಲ್ಲಿ ಫಲಿತಾಂಶ ಬಂತು. ಹೆಜ್ಜೆ ಹೆಚ್ಚಲಿಲ್ಲ. ಯಂತ್ರವಿತ್ತು, ಗುರಿಯಿತ್ತು, ಮೆಸೇಜಿತ್ತು. ಹೆಜ್ಜೆ ಮಾತ್ರ ಮೊದಲಿನಷ್ಟೇ.

ಅದೇ ನ್ಯೂಜಿಲೆಂಡಿನಲ್ಲಿ ಕೆಲವೇ ವರ್ಷ ಹಿಂದೆ ಮೆಸೇಜು ದೊಡ್ಡ ಕೆಲಸ ಮಾಡಿತ್ತು. ಅದು ಸಿಗರೇಟು ಬಿಡಿಸುವ ಕೆಲಸ. 2005ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಸುಮಾರು 1700 ಮಂದಿ ಇದ್ದರು, ಹೆಚ್ಚಿನವರು ಎಳೆಯರೇ. ಆರು ವಾರದ ಹೊತ್ತಿಗೆ, ಬಿಡಿಸುವ ಮೆಸೇಜು ಪಡೆದವರಲ್ಲಿ ನೂರಕ್ಕೆ 14 ಮಂದಿ ಸೇದುವುದು ನಿಲ್ಲಿಸಿದ್ದೇವೆ ಎಂದರು. ಪಡೆಯದವರಲ್ಲಿ ನೂರಕ್ಕೆ ಆರು. ಎರಡು ಪಟ್ಟಿಗೂ ಮಿಕ್ಕಿದ ವ್ಯತ್ಯಾಸ.

ಒಂದೇ ದೇಶ, ಒಂದೇ ಸಾಧನ. ಒಂದು ಕಡೆ ಫಲ, ಇನ್ನೊಂದು ಕಡೆ ಶೂನ್ಯ. ಯಾಕೆ? ಸಿಗರೇಟಿನ ಮೆಸೇಜು ಒಬ್ಬೊಬ್ಬರಿಗೂ ತಕ್ಕಂತೆ ಹೊಂದಿಸಿದ್ದು. ಬಿಡುವ ದಿನ ಯಾವುದು ಎಂದು ಸೇದುವವರೇ ಗೊತ್ತುಮಾಡಿದ್ದರು. ಮೆಸೇಜು ಆ ದಿನದ ಸುತ್ತ ಒತ್ತೊತ್ತಾಗಿ ಬರುತ್ತಿತ್ತು. ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರಿಗೆ ಅವರ ಮಾತಿಗೆ, ರೀತಿನೀತಿಗೆ ಹೊಂದುವ ಮೆಸೇಜುಗಳೂ ಇದ್ದವು. ಹೆಜ್ಜೆಯ ಮೆಸೇಜು ವಾರಕ್ಕೊಮ್ಮೆ ಬಂದು, ಇಂಥದ್ದು ಮಾಡಿ ಎಂದು ನೆನಪಿಸಿ ಹೋಗುತ್ತಿತ್ತು. ವ್ಯತ್ಯಾಸಕ್ಕೆ ಇದೇ ಪೂರ್ತಿ ಕಾರಣ ಎನ್ನಲಾಗದು. ಸಿಗರೇಟು ಬಿಡುವುದು ಬೇರೆ, ಓಟ ಹಿಡಿಯುವುದು ಬೇರೆ. ಆದರೂ ಕಣ್ಣಿಗೆ ಬೀಳುವ ವ್ಯತ್ಯಾಸ ಇದು.

ಇಲ್ಲಿ ಒಮ್ಮೆ ನಿಂತು ಹಿಂದಿರುಗಿ ನೋಡೋಣ. ಖುಷಿಯ ಮಾತು ಕೆಲಸ ಮಾಡುತ್ತದೆ ಎಂದು ಲೀಡ್ಸ್ ತೋರಿಸಿತು. ಬರಿಯ ನೆನಪೋಲೆ ಸಾಲದು ಎಂದು ನ್ಯೂಜಿಲೆಂಡ್ ತೋರಿಸಿತು. ಮುಂದಿನ ಪ್ರಶ್ನೆ, ನೆನಪೋಲೆ ಯಾವಾಗ ಸಾಕಾಗುತ್ತದೆ?

ಇದಕ್ಕೆ ಉತ್ತರ ಮತ್ತೆ ಬ್ರಿಟನ್ನಿನಿಂದಲೇ. ಆಂಡ್ರ್ಯೂ ಪ್ರೆಸ್ಟ್‌ವಿಚ್ ಎಂಬ ಮನಃಶಾಸ್ತ್ರಜ್ಞ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗ. ಸುಮಾರು 150 ಮಂದಿ, ಶಾಲಾ ಮಕ್ಕಳಲ್ಲ, ಸ್ವಲ್ಪ ದೊಡ್ಡವರು. ಕೆಲವರಿಗೆ ಒಂದು ಯೋಜನೆ ಬರೆಯಲು ಹೇಳಿದರು. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ವ್ಯಾಯಾಮ ಮಾಡುತ್ತೀರಿ, ಬರೆಯಿರಿ. ಕೆಲವರಿಗೆ ಬರಿಯ ಮೆಸೇಜು. ಕೆಲವರಿಗೆ ಎರಡೂ. ಯೋಜನೆ ಬರೆದು, ಅದನ್ನು ನೆನಪಿಸುವ ಮೆಸೇಜನ್ನೂ ಪಡೆದವರೇ ಉಳಿದೆಲ್ಲರಿಗಿಂತ ಹೆಚ್ಚು ವ್ಯಾಯಾಮ ಮಾಡಿದರು. ಯೋಜನೆ ಒಂದೇ ಇದ್ದಾಗ ಮರೆತುಹೋಗುತ್ತದೆ. ಮೆಸೇಜು ಒಂದೇ ಇದ್ದಾಗ ಎಲ್ಲಿಗೆ, ಯಾವಾಗ ಎಂಬುದಿಲ್ಲ.

‘ವ್ಯಾಯಾಮ ಮಾಡು’ ಎಂಬುದಕ್ಕೂ ‘ಐದೂವರೆಗೆ ಕಾಲೇಜು ಹಿಂದಿನ ಮೈದಾನ, ನೀನೇ ಹೇಳಿದ್ದೆ’ ಎಂಬುದಕ್ಕೂ ಇರುವ ಅಂತರ ಎಷ್ಟು ನೋಡಿ. ಮೊದಲನೆಯದಕ್ಕೆ ‘ಹೂಂ’ ಎಂದು ಮಗ್ಗುಲು ಬದಲಿಸಬಹುದು. ಎರಡನೆಯದಕ್ಕೆ ಹೋಗಬೇಕು, ಇಲ್ಲವೇ ನೆಪ ಹುಡುಕಬೇಕು.

ನೆಪ ಹುಡುಕುವವನಿಗೆ ಉತ್ತರ ಕೊಡುವ ದಾರಿಯೂ ಬೇಕಲ್ಲ? ಮೆಸೇಜಿನ ಇತಿಹಾಸ ಶುರುವಾದದ್ದೇ ಉತ್ತರವಿಲ್ಲದೆ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಇಪ್ಪತ್ತೆರಡರ ಎಂಜಿನಿಯರ್ ಕಂಪ್ಯೂಟರಿನಿಂದ ಮೊತ್ತಮೊದಲ ಎಸ್ಸೆಮ್ಮೆಸ್ ಕಳಿಸಿದ. ಕ್ರಿಸ್‌ಮಸ್ ಶುಭಾಶಯ. ಪಡೆದಾತ ವೋಡಾಫೋನಿನ ಅಧಿಕಾರಿ, ಆ ಹೊತ್ತಿಗೆ ಪಾರ್ಟಿಯಲ್ಲಿದ್ದ. ಆತನ ಫೋನಿನಲ್ಲಿ ಓದಬಹುದಿತ್ತು, ಮರಳಿ ಬರೆಯುವ ಸೌಲಭ್ಯ ಇರಲಿಲ್ಲ. ಮೂವತ್ತು ವರ್ಷ ದಾಟಿದರೂ ಆರೋಗ್ಯದ ಮೆಸೇಜು ಕಳಿಸುವ ಇಲಾಖೆಗಳು ಇನ್ನೂ ಆ ಕಾಲದಲ್ಲೇ ಇದ್ದಂತಿವೆ. ಕಳಿಸುತ್ತವೆ. ಉತ್ತರ ಕೇಳುವುದಿಲ್ಲ.

ಸ್ಕಾಟ್ಲೆಂಡಿನ ಡಂಡೀ ಊರಿನ ವೈದ್ಯರು ಕೇಳಿದರು. ಅವರ ಯೋಜನೆಯ ಹೆಸರು ‘ಸ್ವೀಟ್ ಟಾಕ್’. ಫಲಿತಾಂಶ ಬಂದದ್ದು 2006ರಲ್ಲಿ. ಇಲ್ಲಿಯೂ ಟೈಪ್ ಒನ್ ಮಧುಮೇಹದ ಮಕ್ಕಳೇ, 8ರಿಂದ 18ರ ವಯಸ್ಸು, ಸುಮಾರು 90 ಮಂದಿ. ಇದು ವ್ಯಾಯಾಮದ ಯೋಜನೆಯಲ್ಲ, ಇನ್ಸುಲಿನ್, ಊಟ, ಓಡಾಟ ಎಲ್ಲ ಸೇರಿದ ದಿನಚರಿಯದ್ದು. ಮಗು ಕ್ಲಿನಿಕ್ಕಿಗೆ ಬಂದಾಗ ತನ್ನ ಗುರಿ ತಾನೇ ಹೇಳುತ್ತದೆ. ಆ ಗುರಿಗೆ, ಮಗುವಿನ ವಯಸ್ಸಿಗೆ ಹೊಂದುವ ಮೆಸೇಜು ದಿನವೂ ಬರುತ್ತದೆ. ಮಗು ಮರಳಿ ಬರೆಯಬಹುದು. ಮಕ್ಕಳು ಬರೆದರು. ವರ್ಷದಲ್ಲಿ ನೂರಾರು ಮೆಸೇಜು. ಸಕ್ಕರೆಯ ಪ್ರಮಾಣ ಬರೆದರು, ಅನುಮಾನ ಕೇಳಿದರು, ಸುಮ್ಮನೆ ಕುಶಲದ ಮಾತನ್ನೂ ಆಡಿದರು. ನನ್ನ ಕಾಯಿಲೆ ನಾನು ನಿಭಾಯಿಸಬಲ್ಲೆ ಎಂಬ ಧೈರ್ಯ ಹೆಚ್ಚಿತು. ಆದರೆ ಹಳೆಯ ಚಿಕಿತ್ಸೆಯ ಜೊತೆ ಬರಿಯ ಮೆಸೇಜು ಸೇರಿಸಿದವರಲ್ಲಿ ರಕ್ತದ ಸಕ್ಕರೆ ಸುಧಾರಿಸಲಿಲ್ಲ. ಚಿಕಿತ್ಸೆಯನ್ನೂ ಬಿಗಿಗೊಳಿಸಿದವರಲ್ಲಿ ಸುಧಾರಿಸಿತು. ಮೆಸೇಜು ಧೈರ್ಯ ಕೊಟ್ಟಿತು, ಔಷಧದ ಕೆಲಸವನ್ನು ಔಷಧವೇ ಮಾಡಬೇಕಾಯಿತು.

ಹಾಗಾದರೆ ಮೂರು ಮಾತು ಕೂಡಿದವು. ಖುಷಿ ಇರಬೇಕು. ಹೊತ್ತು, ಜಾಗ ಇರಬೇಕು. ಉತ್ತರಕ್ಕೆ ದಾರಿ ಇರಬೇಕು. ಇನ್ನು ಭಾಷೆ.

ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರು ಒಂದು ಜಾಣ ಕೆಲಸ ಮಾಡಿದರು. ಮೆಸೇಜು ಬರೆದು ಮಕ್ಕಳ ಮೇಲೆ ಎಸೆಯಲಿಲ್ಲ. 12ರಿಂದ 18 ವಯಸ್ಸಿನ ಸುಮಾರು 180 ಮಕ್ಕಳನ್ನು ಕೂರಿಸಿಕೊಂಡು ಯಾವುದು ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ ಎಂದು ಕೇಳಿದರು. 2013ರಲ್ಲಿ ಅದರ ವಿವರ ಪ್ರಕಟವಾಯಿತು. ಮಾತು ನೇರವಾಗಿರಲಿ ಎಂದರು ಮಕ್ಕಳು. ನಮ್ಮ ವಯಸ್ಸಿನವರ ಬಗ್ಗೆ ಇರಲಿ. ನಮ್ಮ ಕೈಲಾಗುವಂಥ, ಇಂಥದ್ದೇ ಎಂದು ಬೊಟ್ಟು ಮಾಡಿ ತೋರಿಸುವ ಕೆಲಸ ಹೇಳಲಿ. ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಇನ್ನೊಂದು ಮಾತು ದೊಡ್ಡವರಿಗೆ ಅಚ್ಚರಿ ತರಬಹುದು. ಕಳಿಸುವವರು ವಿಷಯ ಬಲ್ಲವರೇ ಆಗಿರಲಿ ಎಂದೂ ಮಕ್ಕಳು ಹೇಳಿದರು. ಗೆಳೆಯನ ವೇಷ ಹಾಕಿ, ಬಾರದ ಹುಡುಗಾಟಿಕೆಯ ಭಾಷೆ ಎರವಲು ತಂದು ಬರೆಯುವ ದೊಡ್ಡವರಿಗೆ ಇದು ಒಳ್ಳೆಯ ಪಾಠ.

ಈಗ ಅದೇ ಮೆಸೇಜನ್ನು ಕನ್ನಡಕ್ಕೆ ತನ್ನಿ. ಇಂಗ್ಲಿಷ್ ಲಿಪಿಯಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಸುತ್ತದೆ. ಕನ್ನಡ ಲಿಪಿಯಲ್ಲಿ 70 ಮಾತ್ರ. ಅದೂ ನಾವು ಎಣಿಸಿದಂತೆ ಎಣಿಸುವುದಿಲ್ಲ. ‘ವ್ಯಾಯಾಮ’ ಎಂದರೆ ಕಿವಿಗೆ ಮೂರು ಅಕ್ಷರ. ಫೋನಿಗೆ ಏಳು. ವಕಾರ ಒಂದು, ಅದರ ಅರ್ಧಚಿಹ್ನೆ ಒಂದು, ಯಕಾರ ಒಂದು, ದೀರ್ಘ ಒಂದು, ಹೀಗೆ ಬಿಡಿಸಿ ಬಿಡಿಸಿ ಲೆಕ್ಕ ಹಿಡಿಯುತ್ತದೆ. 70 ದಾಟಿದರೆ ಎರಡನೆಯ ಮೆಸೇಜು. ರಾಶಿ ಕಳಿಸುವವರಿಗೆ ಖರ್ಚೂ ಎರಡರಷ್ಟು. ‘ಸಂಜೆ ಐದಕ್ಕೆ ಮೈದಾನಕ್ಕೆ ಬಾ, ಖೋ ಖೋ ಇದೆ.’ ಇಷ್ಟಕ್ಕೆ ಹೆಚ್ಚುಕಡಿಮೆ 35 ಆಗುತ್ತದೆ. ಹಿಡಿಸುತ್ತದೆ, ಇನ್ನೂ ಅರ್ಧ ಜಾಗ ಉಳಿಯುತ್ತದೆ. ಉಪದೇಶ ಮಾಡಹೊರಟರೆ ಮಾತ್ರ ಜಾಗ ಸಾಲದು. ಈ ಇಕ್ಕಟ್ಟು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು.

ನಮ್ಮ ಮಕ್ಕಳಂತೂ ಲಿಪಿಯ ತೊಂದರೆಯನ್ನು ಎಂದೋ ದಾಟಿದ್ದಾರೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಾರೆ. ಎಸ್ಸೆಮ್ಮೆಸ್ ಡಬ್ಬಿಯನ್ನು ತೆರೆದೂ ನೋಡುವುದಿಲ್ಲ. ಅದರಲ್ಲಿ ಇರುವುದು ಒಟಿಪಿ, ರೀಚಾರ್ಜ್ ಮುಗಿಯಿತೆಂಬ ಎಚ್ಚರಿಕೆ, ಸಾಲ ಬೇಕೇ ಎಂಬ ವಿಚಾರಣೆ. ಸಂಸ್ಥೆಯ ಹೆಸರಿನಲ್ಲಿ ರಾಶಿ ಮೆಸೇಜು ಕಳಿಸಬೇಕಾದರೆ ಹೆಸರನ್ನೂ ಮೆಸೇಜಿನ ನಮೂನೆಯನ್ನೂ ಮುಂಚಿತವಾಗಿ ನೋಂದಾಯಿಸಬೇಕು. 2021ರಿಂದ ಇದು ಬಿಗಿಯಾಗಿದೆ. ಹಳ್ಳಿಯ ಹೈಸ್ಕೂಲಿನ ಪಿ.ಟಿ. ಮಾಸ್ತರು ಈ ಗೋಜಿಗೆ ಹೋಗುವರೇ? ವಾಟ್ಸ್ಯಾಪ್ ಗುಂಪು ಮಾಡುತ್ತಾರೆ. ಅದು ಸಹಜ. ಆದರೆ 2023ರ ದತ್ತಾಂಶ ರಕ್ಷಣೆಯ ಕಾಯ್ದೆಯ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ವಿವರ ಕಲೆಹಾಕಲು ತಂದೆತಾಯಿಯ ಒಪ್ಪಿಗೆ ಬೇಕು. ಹೆಜ್ಜೆ ಎಣಿಸುವ ಆ್ಯಪು ಹಾಕಿಸಿ ಮಕ್ಕಳ ಬೆನ್ನು ಹತ್ತುವ ಯೋಚನೆ ಇದ್ದವರು ಇದನ್ನು ಮೊದಲು ತಿಳಿದುಕೊಂಡರೆ ಒಳ್ಳೆಯದು.

ನಮ್ಮ ನೆಲದಲ್ಲಿ ಮೆಸೇಜಿನ ಪ್ರಯೋಗ ನಡೆದೇ ಇಲ್ಲವೇ? ನಡೆದಿದೆ, ದೊಡ್ಡವರ ಮೇಲೆ. ಚೆನ್ನೈನ ಡಾಕ್ಟರ್ ಎ. ರಾಮಚಂದ್ರನ್ ಮತ್ತು ಸಂಗಡಿಗರು, ಮಧುಮೇಹದ ಹೊಸ್ತಿಲಲ್ಲಿದ್ದ ದಕ್ಷಿಣ ಭಾರತದ ಸುಮಾರು 540 ಗಂಡಸರನ್ನು ಎರಡು ವರ್ಷ ನೋಡಿಕೊಂಡರು. ಆಹಾರ, ವ್ಯಾಯಾಮದ ಮೆಸೇಜು ಪಡೆದವರಲ್ಲಿ ನೂರಕ್ಕೆ 18 ಮಂದಿಗೆ ಮಧುಮೇಹ ಬಂತು. ಪಡೆಯದವರಲ್ಲಿ 27 ಮಂದಿಗೆ. 2013ರಲ್ಲಿ ಇದು ಪ್ರಕಟವಾಯಿತು. ಆದರೆ ಅವರು 35 ದಾಟಿದವರು, ರಕ್ತಪರೀಕ್ಷೆಯ ಚೀಟಿ ಕೈಯಲ್ಲಿ ಹಿಡಿದವರು. ಹೆದರಿಕೆ ಅವರಿಗೆ ಹತ್ತಿರದ್ದು. ಎಸ್ಸೆಸ್ಸೆಲ್ಸಿ ಹುಡುಗನಿಗೆ ಅಲ್ಲ.

ಇನ್ನೊಂದೇ ಒಂದು ವಿಷಯ ಉಳಿದಿದೆ. ಖುಷಿ, ಹೊತ್ತು, ಉತ್ತರ, ಭಾಷೆ, ಇಷ್ಟೆಲ್ಲ ಕೂಡಿದ ಮೆಸೇಜು ಬಂತು ಎನ್ನಿ. ಹುಡುಗಿ ಎದ್ದಳು. ಹೋಗುವುದೆಲ್ಲಿಗೆ?

ಶಾಲೆಯ ಆಟದ ಪೀರಿಯಡ್ ಗಣಿತದ ಮಾಸ್ತರ ಪಾಲಾಗಿರುತ್ತದೆ, ಅದರಲ್ಲೂ ಹತ್ತನೆಯ ತರಗತಿಗೆ. ಊರ ಮೈದಾನ ಇದ್ದರೂ ಅದರಲ್ಲಿ ಹುಡುಗರ ಟೆನಿಸ್ ಬಾಲ್ ಕ್ರಿಕೆಟ್ ನಡೆದಿರುತ್ತದೆ. ಆರು ಗಂಟೆಗೆ ಟ್ಯೂಷನ್. ಕತ್ತಲಾದ ಮೇಲೆ ಹೆಣ್ಣುಮಗಳು ಹೊರಗಿರುವ ಹಾಗಿಲ್ಲ. ‘ಬಾ’ ಎಂಬ ಮೆಸೇಜು ಮಗಳಿಗೆ ಹೋದರೆ, ‘ಅವಳಿಗೆ ಆ ಹೊತ್ತಿನಲ್ಲಿ ಕೆಲಸ ಹಚ್ಚಬೇಡಿ’ ಎಂಬ ಮೆಸೇಜು ಅವಳ ಅಮ್ಮನಿಗೆ, ‘ಅರ್ಧ ಮೈದಾನ ಬಿಟ್ಟುಕೊಡಿ’ ಎಂಬುದು ಹುಡುಗರಿಗೆ ಹೋಗಬೇಕು. ಇದು ಹಾಸ್ಯಕ್ಕೆ ಹೇಳಿದ್ದಲ್ಲ. ಇಲ್ಲಿ ಉಲ್ಲೇಖಿಸಿದ ಓಡಾಟದ ಪ್ರಯೋಗಗಳಲ್ಲಿ ಮೆಸೇಜು ಹೋದದ್ದು ಓಡಾಡಬೇಕಾದವರಿಗೇ. ಅವರನ್ನು ಕೂರಿಸಿದವರಿಗೆ ಅಲ್ಲ.

ಕೊನೆಯದಾಗಿ, ಯಾವುದಾದರೂ ಶಾಲೆಯವರು, ಯುವಕ ಸಂಘದವರು ಇದನ್ನು ಮಾಡಿ ನೋಡುವುದಾದರೆ ಹೊತ್ತಿನ ಬಗ್ಗೆ ಎರಡು ಮಾತು. ಏಪ್ರಿಲ್, ಮೇ ತಿಂಗಳ ರಜೆ ಇದಕ್ಕೆ ಹದವಾದ ಕಾಲ. ಶಾಲೆಯ ಗಂಟೆ ಇಲ್ಲ, ಡ್ರಿಲ್ ಇಲ್ಲ, ಮಕ್ಕಳು ಮೊಬೈಲಿನ ಜೊತೆ ಒಂಟಿಯಾಗಿರುವ ದಿನಗಳು. ಆದರೆ ಕಲಬುರಗಿ, ರಾಯಚೂರಿನ ಮೇ ಬಿಸಿಲಿಗೆ ಮಧ್ಯಾಹ್ನದ ಮೆಸೇಜು ಕಳಿಸಿ ಮಕ್ಕಳನ್ನು ಹೊರಗೆ ಕರೆಯುವುದು ತಪ್ಪು. ಅಲ್ಲಿ ಬೆಳಗಿನ ಆರು ಗಂಟೆಯ ಆಟಕ್ಕೆ ಹಿಂದಿನ ರಾತ್ರಿ ಎಂಟಕ್ಕೇ ಮೆಸೇಜು ಹೋಗಬೇಕು. ಮಲೆನಾಡಿನಲ್ಲಿ ಜೂನ್ ಹಿಡಿದರೆ ಮೈದಾನವೇ ಕೆರೆ. ಅಲ್ಲಿ ಜಗಲಿಯ ಮೇಲೆ ಹಗ್ಗದಾಟ ಎಂದು ಕಳಿಸಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟ್ ಮಕ್ಕಳಿಗಾದರೆ ಟ್ಯೂಷನ್ ಬಿಡುವ ಹೊತ್ತು ನೋಡಿಕೊಂಡು, ಕೆಳಗಿನ ಅಂಗಳದಲ್ಲಿ ಯಾರ್ಯಾರು ಇಳಿದಿದ್ದಾರೆ ಎಂಬ ಹೆಸರುಗಳನ್ನೇ ಬರೆದು ಕಳಿಸಿದರೂ ಸಾಕು.